ಕಾನ್ಫರೆನ್ಸ್ ಬದಲಾಯಿಸಿದ ಕಾಲೇಜು ತಂಡ ನಿಜಕ್ಕೂ ಮೇಲೆ ಬಂತೇ? ನೀವೇ ಲೆಕ್ಕ ಹಾಕಿ ನೋಡುವ ವಿಧಾನ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಬೆಂಗಳೂರಿನಲ್ಲಿ ಬೆಳಗಿನ ಜಾವವೇ ಪ್ರೈಮ್ ಟೈಮ್. ಅಲ್ಲಿನ ಪೂರ್ವ ಕರಾವಳಿಯಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಜನವರಿಯಲ್ಲಿ ಇಲ್ಲಿ ಬೆಳಿಗ್ಗೆ 5.30ಕ್ಕೆ, ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದಕ್ಕಿಟ್ಟ ಮೇಲೆ 4.30ಕ್ಕೆ. ಅಷ್ಟು ಹೊತ್ತಿಗೆ ಎದ್ದು ಕೂರುವವರ ನಡುವೆ ಪ್ರತಿ ಸೀಸನ್‌ನಲ್ಲೂ ಒಂದು ವಾದ ತಪ್ಪುವುದಿಲ್ಲ: ಇಂಥ ತಂಡ ದೊಡ್ಡ ಕಾನ್ಫರೆನ್ಸ್‌ಗೆ (ತಮ್ಮತಮ್ಮೊಳಗೆ ಆಡುವ ಕಾಲೇಜುಗಳ ಗುಂಪಿಗೆ) ಹೋಗಿ ಉದ್ಧಾರವಾಯಿತು ಎಂದು ಒಬ್ಬರು, ಹಾಳಾಯಿತು ಎಂದು ಇನ್ನೊಬ್ಬರು. ಇಬ್ಬರ ಕೈಯಲ್ಲೂ ಗೆಲುವು–ಸೋಲಿನ ಅಂಕಿ ಇರುತ್ತದೆ, ಇಬ್ಬರೂ ಅದನ್ನು ತಪ್ಪಾಗಿಯೇ ಓದುತ್ತಿರುತ್ತಾರೆ.

ಉತ್ತರ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾನ್ಫರೆನ್ಸ್ ಬದಲಾದರೆ ತಂಡದ ಎದುರಾಳಿಗಳು, ವರಮಾನ ಮತ್ತು ಓಡಾಟ ಬದಲಾಗುತ್ತವೆ. ಆಟದ ಮಟ್ಟ ತಾನಾಗಿ ಬದಲಾಗುವುದಿಲ್ಲ. ಮೇಲೆ ಬಂದ ತಂಡಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಕಡೆ ಕೋಚ್ ಮತ್ತು ಖರ್ಚು ಸಿಗುತ್ತವೆ. ಕಾನ್ಫರೆನ್ಸ್ ಅದನ್ನು ಉಳಿಸಿಕೊಳ್ಳಲು ಸಹಾಯ ಮಾಡಿರುತ್ತದೆ. ಇದನ್ನು ಒಂದು ನೋಟ್‌ಬುಕ್ಕು, ಎರಡು ಮೂರು ಜಾಲತಾಣ ಇಟ್ಟುಕೊಂಡು ಯಾವ ತಂಡಕ್ಕಾದರೂ ಪರೀಕ್ಷಿಸಬಹುದು. ಒಂದು ತಂಡಕ್ಕೆ ಎರಡು ಗಂಟೆ ಸಾಕು.

ಹೊಸಬರಿಗೆ ಎರಡೇ ಮಾತು. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ; ಅದರ ಮೊದಲ ಡಿವಿಷನ್‌ನಲ್ಲಿ 360ಕ್ಕೂ ಹೆಚ್ಚು ಕಾಲೇಜುಗಳಿವೆ. ಅವು 30ಕ್ಕೂ ಹೆಚ್ಚು ಕಾನ್ಫರೆನ್ಸ್‌ಗಳಲ್ಲಿ ಹಂಚಿಹೋಗಿ, ಸೀಸನ್‌ನ ಸುಮಾರು 31 ಪಂದ್ಯಗಳಲ್ಲಿ 18ರಿಂದ 20ನ್ನು ತಮ್ಮತಮ್ಮೊಳಗೇ ಆಡುತ್ತವೆ. ರಣಜಿಯ ಪ್ಲೇಟ್–ಎಲೀಟ್ ಥರ ಗೆದ್ದವರು ಮೇಲೆ, ಸೋತವರು ಕೆಳಗೆ ಎಂಬ ಕ್ರಮ ಇಲ್ಲಿ ಇಲ್ಲ. ಮೇಲಿನವರು ಕರೆಯಬೇಕು, ಇವರು ಒಪ್ಪಬೇಕು, ಹಳೆಯ ಕಾನ್ಫರೆನ್ಸ್‌ಗೆ ದಂಡ ಕಟ್ಟಬೇಕು. ಈ ‘ಕರೆಯುವುದು’ ಎಂಬುದರಲ್ಲೇ ಲೆಕ್ಕ ಕೆಡಿಸುವ ಒಂದು ಅಂಶವಿದೆ, ಮುಂದೆ ನೋಡೋಣ.

‘ಯಶಸ್ಸು’ ಅಂದರೆ ಯಾವುದು, ಮೊದಲೇ ಬರೆದಿಡಿ

ಲೆಕ್ಕಕ್ಕೆ ಕೂರುವ ಮುಂಚೆ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಇದನ್ನು ಬರೆಯಿರಿ. ಮಾರ್ಚ್‌ನ 68 ತಂಡಗಳ ಟೂರ್ನಿಗೆ ಪ್ರವೇಶವೇ? ಅಲ್ಲಿ ಎಷ್ಟು ಸುತ್ತು ದಾಟಿತು ಎಂಬುದೇ? ತಂಡದ ಅಸಲಿ ಬಲವೇ? ಮೂರೂ ಬೇರೆ ಬೇರೆ, ಮೂರಕ್ಕೂ ಕಾನ್ಫರೆನ್ಸ್‌ನ ಪರಿಣಾಮವೂ ಬೇರೆ.

ಪ್ರವೇಶದ ಮೇಲೆ ಕಾನ್ಫರೆನ್ಸ್‌ನ ಪ್ರಭಾವ ನೇರವಾಗಿಯೇ ಇದೆ. 2024ರಲ್ಲಿ ಇಂಡಿಯಾನಾ ಸ್ಟೇಟ್ ಮಿಸೌರಿ ವ್ಯಾಲಿ ಕಾನ್ಫರೆನ್ಸ್‌ನಲ್ಲಿ ಆಡಿ 28 ಗೆದ್ದು 6 ಸೋತಿತು. ಎನ್‌ಸಿಎಎ ತಂಡಗಳ ಬಲ ಅಳೆಯುವ ‘ನೆಟ್’ ರ‍್ಯಾಂಕಿಂಗ್‌ನಲ್ಲಿ ಮೊದಲ 30ರೊಳಗೆ ಇತ್ತು. ಕಾನ್ಫರೆನ್ಸ್ ಟೂರ್ನಿಯ ಫೈನಲ್‌ನಲ್ಲಿ ಡ್ರೇಕ್‌ಗೆ ಸೋತದ್ದೇ ತಡ, ದೊಡ್ಡ ಟೂರ್ನಿಯಿಂದ ಹೊರಗೆ. ಮರುವರ್ಷ ಟೆಕ್ಸಸ್ ತಂಡ ಎಸ್‌ಇಸಿ ಎಂಬ ದೊಡ್ಡ ಕಾನ್ಫರೆನ್ಸ್‌ನಲ್ಲಿ 6 ಗೆದ್ದು 12 ಸೋತರೂ ಆಯ್ಕೆಯಾಯಿತು. ಆ ವರ್ಷ ಎಸ್‌ಇಸಿಯ 16ರಲ್ಲಿ 14 ತಂಡಗಳು ಒಳಗಿದ್ದವು.

ಇದು ಬರೀ ಹೆಸರಿನ ಮಹಿಮೆ ಅಲ್ಲ. ಆಯ್ಕೆ ಸಮಿತಿ ಗೆಲುವುಗಳನ್ನು ನಾಲ್ಕು ‘ಕ್ವಾಡ್ರಂಟ್’ ಮಾಡಿ ತೂಗುತ್ತದೆ. ತವರಿನಲ್ಲಿ 1ರಿಂದ 30ನೇ ರ‍್ಯಾಂಕಿನ ತಂಡದ ಎದುರು, ತಟಸ್ಥ ಅಂಗಳದಲ್ಲಿ 1–50, ಎದುರಾಳಿಯ ಅಂಗಳದಲ್ಲಿ 1–75ರ ಎದುರು ಆಡಿದ್ದು ಮೊದಲ ಕ್ವಾಡ್ರಂಟ್. ದೊಡ್ಡ ಕಾನ್ಫರೆನ್ಸ್‌ನವರಿಗೆ ಇಂಥ ಪಂದ್ಯ ವಾರಕ್ಕೊಂದಾದರೂ ತಾನಾಗಿ ಬರುತ್ತದೆ. ಚಿಕ್ಕ ಕಾನ್ಫರೆನ್ಸ್‌ನವರು ನವೆಂಬರ್–ಡಿಸೆಂಬರ್‌ನಲ್ಲಿ ಕಾಡಿಬೇಡಿ ಗೊತ್ತು ಮಾಡಿಕೊಳ್ಳಬೇಕು, ಅದೂ ಎದುರಾಳಿಯ ಊರಿನಲ್ಲಿ. ಚಿಕ್ಕ ತಂಡ ಬಲವಾಗಿದೆ ಎಂದು ಗೊತ್ತಾದರೆ ದೊಡ್ಡವರು ದಿನಾಂಕವನ್ನೇ ಕೊಡುವುದಿಲ್ಲ. ಆದ್ದರಿಂದ ‘ಹೋದ ಮೇಲೆ ಟೂರ್ನಿಗೆ ಹೆಚ್ಚು ಸಲ ಬಂತು’ ಎಂಬುದು ತಂಡ ಬಲಗೊಂಡಿತು ಎಂಬುದಕ್ಕೆ ಸಾಕ್ಷಿಯಲ್ಲ. ಅದೇ ಬಲದ ತಂಡಕ್ಕೆ ಬಾಗಿಲು ಅಗಲವಾಗಿರಬಹುದು ಅಷ್ಟೇ.

ಹತ್ತು ಸಾಲಿನ ಪಟ್ಟಿ

ಬದಲಾವಣೆಗೆ ಹಿಂದಿನ ಐದು ಸೀಸನ್, ಮುಂದಿನ ಐದು ಸೀಸನ್, ಒಟ್ಟು ಹತ್ತು ಸಾಲು ಹಾಕಿ. ಕಾಲಂಗಳು: ಸೀಸನ್, ಒಟ್ಟು ಗೆಲುವು–ಸೋಲು, ಕಾನ್ಫರೆನ್ಸ್ ಒಳಗಿನ ಗೆಲುವು–ಸೋಲು, ಎಸ್‌ಆರ್‌ಎಸ್ (ತಂಡದ ಬಲ), ಎಸ್‌ಓಎಸ್ (ಎದುರಾಳಿಗಳ ಬಲ), ಕೋಚ್ ಹೆಸರು, ಮಾರ್ಚ್‌ನಲ್ಲಿ ಎಲ್ಲಿವರೆಗೆ, ಕೊನೆಗೆ ‘ಇತರೆ’. ಈ ‘ಇತರೆ’ ಕಾಲಂ ಅಗಲವಾಗಿರಲಿ, ಕೊನೆಯಲ್ಲಿ ತೀರ್ಪು ಸಿಗುವುದು ಅಲ್ಲೇ. ಅಂಕಿಗಳೆಲ್ಲ ಸ್ಪೋರ್ಟ್ಸ್ ರೆಫರೆನ್ಸ್ ತಾಣದ ಕಾಲೇಜು ವಿಭಾಗದಲ್ಲಿ ಉಚಿತವಾಗಿ ಸಿಗುತ್ತವೆ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಕಾನ್ಫರೆನ್ಸ್ ಬದಲಾವಣೆ ಸಾಮಾನ್ಯವಾಗಿ ಜುಲೈ 1ರಂದು ಜಾರಿಗೆ ಬರುತ್ತದೆ, ಘೋಷಣೆ ಅದಕ್ಕೂ ಒಂದೆರಡು ವರ್ಷ ಮೊದಲೇ ಆಗಿರಬಹುದು. ಸಾಲು ಕತ್ತರಿಸಬೇಕಾದ್ದು ಜಾರಿಯ ದಿನಕ್ಕೆ. ಸೀಸನ್ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಎರಡು ಕ್ಯಾಲೆಂಡರ್ ವರ್ಷ ದಾಟುವುದರಿಂದ, ಮುಗಿದ ವರ್ಷದಿಂದಲೇ ಕರೆಯಿರಿ: 2013–14 ಎಂದರೆ 2014. 2020ರಲ್ಲಿ ಕೋವಿಡ್‌ನಿಂದ ಟೂರ್ನಿಯೇ ನಡೆಯಲಿಲ್ಲ. ಆ ಸಾಲಿನ ಮಾರ್ಚ್ ಕಾಲಂ ಖಾಲಿ ಬಿಡಿ, ‘ಆಯ್ಕೆಯಾಗಲಿಲ್ಲ’ ಎಂದು ಬರೆಯಬೇಡಿ. 2013ರ ಲೂಯಿವಿಲ್ ಪ್ರಶಸ್ತಿಯಂತೆ ಎನ್‌ಸಿಎಎ ಆಮೇಲೆ ರದ್ದು ಮಾಡಿದ ಗೆಲುವುಗಳೂ ಇವೆ. ಅಂಗಳದಲ್ಲಿ ಆಡಿ ಗೆದ್ದದ್ದು ಆಡಿದ್ದೇ. ಬಲದ ಲೆಕ್ಕಕ್ಕೆ ಅವನ್ನು ಹಿಡಿಯಿರಿ, ಪ್ರಶಸ್ತಿಯ ಲೆಕ್ಕಕ್ಕೆ ಬಿಡಿ.

ಎದುರಾಳಿಯ ತೂಕ ಕಳೆದು ನೋಡುವುದು

ಗೆಲುವು–ಸೋಲು ಮಾತ್ರ ನೋಡಿದರೆ ಮೇಲಿನ ಕಾನ್ಫರೆನ್ಸ್‌ಗೆ ಹೋದ ಬಹುಪಾಲು ತಂಡಗಳು ಕೆಟ್ಟಂತೆ ಕಾಣುತ್ತವೆ. ಕಾನ್ಫರೆನ್ಸ್ ಒಳಗೆ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಎಲ್ಲರದೂ ಕೂಡಿಸಿದರೆ ಸರಾಸರಿ ಸರಿಯಾಗಿ ಅರ್ಧಕ್ಕೇ ನಿಲ್ಲಬೇಕು. ಹೊಸಬರು ಬಂದು 14 ಗೆದ್ದರೆ, ಆ ಸೋಲುಗಳನ್ನು ಹಳಬರು ಯಾರೋ ಹೊತ್ತಿರಬೇಕು.

ಇದಕ್ಕೆ ಸುಲಭದ ಮದ್ದು ಎಸ್‌ಆರ್‌ಎಸ್. ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟ್ ಅಂತರದಲ್ಲಿ ಗೆದ್ದಿದೆ ಎಂಬುದಕ್ಕೆ ಎದುರಾಳಿಗಳ ಸರಾಸರಿ ಬಲವನ್ನು, ಅಂದರೆ ಎಸ್‌ಓಎಸ್ ಅನ್ನು, ಕೂಡಿಸಿದರೆ ಬರುವ ಸಂಖ್ಯೆ ಅದು. ಒಂದು ಕಾಲ್ಪನಿಕ ತಂಡ ತೆಗೆದುಕೊಳ್ಳಿ. ಹಳೆಯ ಕಾನ್ಫರೆನ್ಸ್‌ನಲ್ಲಿ 24–9 (24 ಗೆಲುವು, 9 ಸೋಲು), ಸರಾಸರಿ ಅಂತರ 9.0, ಎದುರಾಳಿ ಬಲ 0.5: ಮೊತ್ತ 9.5. ಹೊಸದರಲ್ಲಿ 19–14, ಅಂತರ 4.2, ಎದುರಾಳಿ ಬಲ 7.1: ಮೊತ್ತ 11.3. ಐದು ಪಂದ್ಯ ಹೆಚ್ಚು ಸೋತ ತಂಡ ಕೆಟ್ಟಿಲ್ಲ, ಸುಮಾರು ಎರಡು ಪಾಯಿಂಟ್ ಮೇಲೇ ಇದೆ. ಅದರ ಅಭಿಮಾನಿಗಳು ಮಾತ್ರ ಕೋಚ್‌ನನ್ನು ತೆಗೆಯಿರಿ ಎಂದು ಕೂಗುತ್ತಿರುತ್ತಾರೆ.

ಇನ್ನೂ ನಿಖರ ಬೇಕೆಂದರೆ ಕೆನ್ ಪಾಮರಾಯ್ ಅವರ ತಾಣದಲ್ಲಿರುವ ಹೊಂದಿಸಿದ ಎಫಿಷಿಯನ್ಸಿ ನೋಡಬಹುದು: ನೂರು ಪೊಸೆಷನ್‌ಗೆ (ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿಯೇ ಪೊಸೆಷನ್) ಎಷ್ಟು ಪಾಯಿಂಟ್ ಹಾಕುತ್ತಾರೆ, ಎಷ್ಟು ಬಿಟ್ಟುಕೊಡುತ್ತಾರೆ ಎಂಬುದು. ನಿಧಾನವಾಗಿ ಆಡುವ ಕಾನ್ಫರೆನ್ಸ್‌ನಿಂದ ವೇಗದ ಕಾನ್ಫರೆನ್ಸ್‌ಗೆ ಹೋದ ತಂಡಕ್ಕೆ ಇದೇ ಸರಿ, ಏಕೆಂದರೆ ಪೊಸೆಷನ್ ಹೆಚ್ಚಾದಂತೆ ಅಂತರವೂ ಹಿಗ್ಗುತ್ತದೆ. ಪೊಸೆಷನ್ ಕೈಯಲ್ಲೇ ಲೆಕ್ಕ ಹಾಕುವುದು ಹೀಗೆ: ಬುಟ್ಟಿಗೆ ಎಸೆದ ಯತ್ನಗಳಿಂದ ಆಫೆನ್ಸಿವ್ ರಿಬೌಂಡ್ (ತಮ್ಮದೇ ತಪ್ಪಿದ ಶಾಟ್ ತಾವೇ ಹಿಡಿದದ್ದು) ಕಳೆಯಿರಿ, ಟರ್ನೋವರ್ (ಶಾಟ್ ಹಾಕದೆ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋ ಯತ್ನಗಳನ್ನು 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. 58 ಯತ್ನ, 9 ರಿಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಇದ್ದರೆ 58 – 9 + 12 + 9.5 = 70.5. ಆ ಪಂದ್ಯ 74–70ರಲ್ಲಿ ಗೆದ್ದಿದ್ದರೆ ನೂರು ಪೊಸೆಷನ್‌ಗೆ 105 ಹಾಕಿ ಸುಮಾರು 99 ಬಿಟ್ಟುಕೊಟ್ಟಂತೆ. ಎನ್‌ಬಿಎ ಲೆಕ್ಕದಲ್ಲಿ 0.44 ಬಳಸುತ್ತಾರೆ. ಎರಡನ್ನೂ ಬೆರೆಸಬೇಡಿ.

ಕರೆ ಬರುವುದೇ ಮೇಲಿದ್ದಾಗ

ಕರೆಯ ವಿಷಯಕ್ಕೆ ಬರೋಣ. ಯಾವ ಕಾನ್ಫರೆನ್ಸ್ ಕೂಡ ಮಲಗಿರುವ ತಂಡವನ್ನು ಅದರ ಆಟ ನೋಡಿ ಕರೆಯುವುದಿಲ್ಲ. ಬಟ್ಲರ್ 2010 ಮತ್ತು 2011ರಲ್ಲಿ ಹೊರೈಜನ್ ಲೀಗ್‌ನಲ್ಲಿದ್ದುಕೊಂಡೇ ಸತತ ಎರಡು ಸಲ ರಾಷ್ಟ್ರೀಯ ಫೈನಲ್ ಆಡಿತು. 2010ರಲ್ಲಿ ಡ್ಯೂಕ್ ಎದುರು ಸೋತದ್ದು 61–59ರಿಂದ. 2012ರಲ್ಲಿ ಅಟ್ಲಾಂಟಿಕ್ 10ಕ್ಕೆ, 2013ರಲ್ಲಿ ಬಿಗ್ ಈಸ್ಟ್‌ಗೆ ಹೋಯಿತು. ಬಿಗ್ ಈಸ್ಟ್‌ನ ಮೊದಲ ಸೀಸನ್ 14–17, ಕಾನ್ಫರೆನ್ಸ್ ಒಳಗೆ 4–14. ಶಿಖರದ ಎರಡು ವರ್ಷಗಳ ಪಕ್ಕ ಇದನ್ನಿಟ್ಟರೆ ಪ್ರಳಯವೇ ಆದಂತೆ ಕಾಣುತ್ತದೆ. ಆದರೆ ಸತತ ಎರಡು ಫೈನಲ್ ಯಾವ ಕಾನ್ಫರೆನ್ಸ್‌ನಲ್ಲಿದ್ದರೂ ಮರುಕಳಿಸುವ ಮಾತಲ್ಲ. ಜತೆಗೆ ಕೋಚ್ ಬ್ರಾಡ್ ಸ್ಟೀವನ್ಸ್ 2013ರ ಜುಲೈನಲ್ಲೇ ಬಾಸ್ಟನ್ ಸೆಲ್ಟಿಕ್ಸ್‌ಗೆ ಹೊರಟುಹೋದರು, ಬಿಗ್ ಈಸ್ಟ್ ಸದಸ್ಯತ್ವ ಶುರುವಾದ ವಾರದಲ್ಲೇ. ಒಂದು ವಾರದಲ್ಲಿ ಎರಡೂ ಆದಾಗ ತಪ್ಪು ಕಾನ್ಫರೆನ್ಸ್‌ನದು ಎನ್ನುವುದಕ್ಕೆ ಆಧಾರವಿಲ್ಲ.

ಅದಕ್ಕೇ ‘ಹೋಗುವ ಮುಂಚಿನ ವರ್ಷ’ವನ್ನು ಅಳತೆಗೋಲು ಮಾಡಿಕೊಳ್ಳಬಾರದು. ಐದು ವರ್ಷದ ಸರಾಸರಿ ತೆಗೆಯಿರಿ. ಶಿಖರದ ಸೀಸನ್ ಒಂದನ್ನು ಬಿಟ್ಟು ಇನ್ನೊಂದು ಸಲ ತೆಗೆಯಿರಿ. ಎರಡರಲ್ಲೂ ಉತ್ತರ ಒಂದೇ ಬಂದರೆ ಮಾತ್ರ ನಂಬಿ.

‘ಇತರೆ’ ಕಾಲಂ: ಹ್ಯೂಸ್ಟನ್‌ನ ಹನ್ನೆರಡು ವರ್ಷ

ಈ ಕಾಲಂ ತುಂಬುವುದು ಹೇಗೆ ಎಂದು ತೋರಿಸಲು ಹ್ಯೂಸ್ಟನ್‌ಗಿಂತ ಒಳ್ಳೆಯ ತಂಡವಿಲ್ಲ. ಎಂಬತ್ತರ ದಶಕದಲ್ಲಿ ಹಕೀಮ್ ಒಲಾಜುವಾನ್ ಆಡಿದ ಕಾಲೇಜು ಇದು. ಆಮೇಲೆ ದಶಕಗಳ ಕಾಲ ಮಂಕಾಗಿತ್ತು. 2013ರ ಜುಲೈನಲ್ಲಿ ಕಾನ್ಫರೆನ್ಸ್ ಯುಎಸ್‌ಎ ಬಿಟ್ಟು ಅಮೆರಿಕನ್ ಕಾನ್ಫರೆನ್ಸ್ ಸೇರಿತು.

ಹೋಗುವ ಮುಂಚಿನ 2013ರ ಸೀಸನ್: 20–13. ಹೊಸ ಕಾನ್ಫರೆನ್ಸ್‌ನ ಮೊದಲ ಸೀಸನ್, 2014: 17–16. ಇಲ್ಲಿಗೆ ನಿಲ್ಲಿಸಿದವರು ‘ಕೆಟ್ಟಿತು’ ಎಂದು ಬರೆಯುತ್ತಾರೆ. 2014ರಲ್ಲಿ ಕೆಲ್ವಿನ್ ಸ್ಯಾಂಪ್ಸನ್ ಕೋಚ್ ಆಗಿ ಬಂದರು. ಅವರ ಮೊದಲ ಸೀಸನ್ 13–19. ಇಲ್ಲಿಗೆ ನಿಲ್ಲಿಸಿದವರು ಕೋಚ್‌ನೂ ದಂಡ ಎನ್ನುತ್ತಾರೆ. ಮುಂದೆ 22–10, 21–11, 27–8, 2019ರಲ್ಲಿ 33–4. 2021ರಲ್ಲಿ ಫೈನಲ್ ಫೋರ್, ಅಂದರೆ ಮಾರ್ಚ್ ಟೂರ್ನಿಯ ಕೊನೆಯ ನಾಲ್ಕು.

ಹಣದ ಸಾಲುಗಳನ್ನು ಪಕ್ಕದಲ್ಲಿ ಬರೆಯಿರಿ. 2016ರಲ್ಲಿ ಉದ್ಯಮಿ ಟಿಲ್ಮನ್ ಫರ್ಟಿಟಾ 2 ಕೋಟಿ ಡಾಲರ್ ಕೊಟ್ಟರು. ಹಳೆಯ ಒಳಾಂಗಣವನ್ನು ಸುಮಾರು 6 ಕೋಟಿ ಡಾಲರ್‌ನಲ್ಲಿ ಕಟ್ಟಿ ಹೊಸದು ಮಾಡಿದರು, 2018ರ ಡಿಸೆಂಬರ್‌ನಲ್ಲಿ ತೆರೆಯಿತು. ಕಾಮಗಾರಿ ನಡೆಯುವಾಗ, 2018ರ ಸೀಸನ್ ಪೂರ್ತಿ, ತಂಡ ತವರಿನ ಪಂದ್ಯಗಳನ್ನು ನೆರೆಯ ಟೆಕ್ಸಸ್ ಸದರ್ನ್ ಕಾಲೇಜಿನ ಅಂಗಳದಲ್ಲಿ ಆಡಿತು. 27–8 ಬಂದದ್ದು ಆ ಸೀಸನ್‌ನಲ್ಲೇ! ಹೊಸ ಕಟ್ಟಡ ಬಾಗಿಲು ತೆರೆಯುವ ಮೊದಲೇ ತಂಡ ಎದ್ದು ನಿಂತಿತ್ತು. ಹಾಗಾಗಿ ಕಟ್ಟಡಕ್ಕೂ ಪೂರ್ತಿ ಶ್ರೇಯ ಕೊಡುವಂತಿಲ್ಲ, 2013ರ ಕಾನ್ಫರೆನ್ಸ್ ಬದಲಾವಣೆಗಂತೂ ಇಲ್ಲವೇ ಇಲ್ಲ. ಆಮೇಲೆ 2023ರಲ್ಲಿ ದೇಶದ ಅತಿ ಕಠಿಣ ಎನಿಸಿದ ಬಿಗ್ 12ಕ್ಕೆ ಹೋಯಿತು. ಮೊದಲ ಸೀಸನ್‌ನಲ್ಲೇ ಒಳಗೆ 15–3ರೊಂದಿಗೆ ಅಗ್ರಸ್ಥಾನ, ಎರಡನೆಯದರಲ್ಲಿ 19–1 ಮತ್ತು ರಾಷ್ಟ್ರೀಯ ಫೈನಲ್. ಅಲ್ಲಿ ಫ್ಲಾರಿಡಾಗೆ 65–63ರಿಂದ ಸೋಲು. ಎದುರಾಳಿಗಳು ಬಲಗೊಂಡರೂ ಈ ತಂಡದ ಬಲ ಇಳಿಯಲಿಲ್ಲ, ಏಕೆಂದರೆ ಆ ಬಲ ಕಾನ್ಫರೆನ್ಸ್‌ನಿಂದ ಬಂದದ್ದಾಗಿರಲಿಲ್ಲ.

ಆಟಗಾರನೊಬ್ಬನ ಹೆಸರೂ ‘ಇತರೆ’ಗೆ ಸೇರುತ್ತದೆ. ಕ್ರೇಟನ್ 2013ರಲ್ಲಿ ಬಿಗ್ ಈಸ್ಟ್‌ಗೆ ಬಂದ ಮೊದಲ ಸೀಸನ್ 27–8, ಎರಡನೆಯದು 14–19. ಕಾನ್ಫರೆನ್ಸ್ ಅದೇ, ಕೋಚ್ ಗ್ರೆಗ್ ಮೆಕ್‌ಡರ್ಮಟ್ ಅವರೇ. ಕೋರ್ಸ್ ಮುಗಿಸಿ ಹೊರಟವನು ಅವರ ಮಗ ಡಗ್, ಆ ವರ್ಷದ ದೇಶದ ಶ್ರೇಷ್ಠ ಆಟಗಾರ. ಒಂದೆರಡು ಸೀಸನ್ ನೋಡಿ ತೀರ್ಪು ಕೊಡಬೇಡಿ ಎನ್ನುವುದು ಇದಕ್ಕೇ. ಅದೇ ಕ್ರೇಟನ್ 2023ರಲ್ಲಿ ಕೊನೆಯ ಎಂಟಕ್ಕೆ ಬಂದು ಫೈನಲ್ ಫೋರ್ ಅನ್ನು ಒಂದೇ ಪಾಯಿಂಟ್‌ನಲ್ಲಿ ಕಳೆದುಕೊಂಡಿತು.

ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಕಥೆ ಎಲ್ಲರೂ ಹೇಳುವಷ್ಟು ಸರಳವಲ್ಲ. ಬಿಗ್ ಈಸ್ಟ್ ಒಡೆದಾಗ ಅಮೆರಿಕನ್ ಕಾನ್ಫರೆನ್ಸ್‌ನಲ್ಲಿ ಉಳಿದುಕೊಂಡಿತು, 2014ರಲ್ಲಿ ಅಲ್ಲಿಂದಲೇ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2017ರಿಂದ ಜಾರಿತು: 16–17, 14–18, 16–17. 2020ರ ಜುಲೈನಲ್ಲಿ ಬಿಗ್ ಈಸ್ಟ್‌ಗೆ ಮರಳಿತು, 2023 ಮತ್ತು 2024ರಲ್ಲಿ ಪ್ರಶಸ್ತಿ. ‘ಮನೆಗೆ ಬಂದು ಬದುಕಿತು’ ಎಂಬ ಮಾತು ಕೇಳಲು ಚೆಂದ. ಕೋಚ್ ಕಾಲಂ ನೋಡಿ: ಡ್ಯಾನ್ ಹರ್ಲಿ ಬಂದದ್ದು 2018ರಲ್ಲಿ, ಮರಳುವ ಮುಂಚಿನ ಸೀಸನ್‌ಗಾಗಲೇ ತಂಡ 19–12ಕ್ಕೆ ಏರಿತ್ತು. ಮರಳಿದ್ದರಿಂದ ಹಳೆಯ ಪೈಪೋಟಿ, ಹತ್ತಿರದ ಪ್ರಯಾಣ, ಈಶಾನ್ಯದ ಹುಡುಗರನ್ನು ಸೆಳೆಯುವ ಅನುಕೂಲ ಸಿಕ್ಕಿತು, ನಿಜ. ಆದರೆ ತಿರುವು ಅದಕ್ಕೂ ಮೊದಲೇ ಶುರುವಾಗಿತ್ತು.

ಜೋಡಿ ಹಾಕಿ ನೋಡುವುದು

ಒಂದೇ ತಂಡದ ಹಿಂದು–ಮುಂದು ನೋಡಿದರೆ ಕೋಚ್ ಯಾವುದು, ಕಾನ್ಫರೆನ್ಸ್ ಯಾವುದು ಎಂದು ಬಿಡಿಸುವುದು ಕಷ್ಟ. ಜೋಡಿ ಸಿಕ್ಕರೆ ಬಿಡಬೇಡಿ. ಮಾರ್ಕೆಟ್ ಮತ್ತು ಡಿಪಾಲ್ ಎರಡೂ 2005ರಲ್ಲಿ ಕಾನ್ಫರೆನ್ಸ್ ಯುಎಸ್‌ಎಯಿಂದ ಬಿಗ್ ಈಸ್ಟ್‌ಗೆ ಒಟ್ಟಿಗೇ ಹೋದವು. ಎರಡೂ ಕ್ಯಾಥೊಲಿಕ್ ಕಾಲೇಜು, ಎರಡೂ ಮಿಷಿಗನ್ ಸರೋವರದ ದಡದ ದೊಡ್ಡ ನಗರದಲ್ಲಿವೆ, ಎರಡಕ್ಕೂ ದೊಡ್ಡ ಫುಟ್‌ಬಾಲ್ ತಂಡದ ಖರ್ಚಿಲ್ಲ. ಮಾರ್ಕೆಟ್ 2006ರಿಂದ 2013ರವರೆಗೆ ಒಂದು ವರ್ಷವೂ ತಪ್ಪದೆ ಟೂರ್ನಿಗೆ ಹೋಯಿತು. ಡಿಪಾಲ್ ಕೊನೆಯದಾಗಿ ಹೋದದ್ದು 2004ರಲ್ಲಿ, ಹಳೆಯ ಕಾನ್ಫರೆನ್ಸ್‌ನಲ್ಲಿದ್ದಾಗ. ಆಮೇಲೆ 2025ರವರೆಗೂ ಇಲ್ಲ. 2017ರಲ್ಲಿ ಷಿಕಾಗೊ ನಗರದೊಳಗೆ ಹೊಸ ಒಳಾಂಗಣ ಸಿಕ್ಕಿತು, ಆದರೂ 2024ರ ಸೀಸನ್ 3–29, ಕಾನ್ಫರೆನ್ಸ್ ಒಳಗೆ ಇಪ್ಪತ್ತಕ್ಕೆ ಇಪ್ಪತ್ತೂ ಸೋಲು. ಒಂದೇ ದಿನ ಒಂದೇ ಕಡೆ ಹೋದ ಎರಡು ತಂಡಗಳ ದಾರಿ ಇಷ್ಟು ಬೇರೆಯಾಗಿದ್ದರೆ, ದಾರಿ ತೀರ್ಮಾನಿಸಿದ್ದು ಕಾನ್ಫರೆನ್ಸ್ ಅಲ್ಲ.

ಹೋಗದೆ ಉಳಿದವರನ್ನೂ ಪಟ್ಟಿಗೆ ಸೇರಿಸಿ. ಗೊನ್ಜಾಗಾ ದಶಕಗಳ ಕಾಲ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನಲ್ಲೇ ಇದ್ದು 1999ರಿಂದ ಟೂರ್ನಿ ತಪ್ಪಿಸದೆ ಬಂದು, 2017 ಮತ್ತು 2021ರಲ್ಲಿ ಫೈನಲ್ ಆಡಿತು. 2000ರ ಸೀಸನ್‌ನಿಂದ ಕೋಚ್ ಮಾರ್ಕ್ ಫ್ಯೂ ಬದಲಾಗಲಿಲ್ಲ, ನವೆಂಬರ್–ಡಿಸೆಂಬರ್‌ನಲ್ಲಿ ದೇಶದ ದೊಡ್ಡ ತಂಡಗಳನ್ನು ಹುಡುಕಿ ಆಡಿದರು. ಎದುರಾಳಿ ಬಲದ ಕೊರತೆಯನ್ನು ಹೀಗೂ ತುಂಬಬಹುದು, ಆದರೆ ಆ ಎರಡು ತಿಂಗಳ ಪಂದ್ಯಗಳಲ್ಲಿ ಎಡವಲು ಜಾಗವಿರುವುದಿಲ್ಲ.

ಹಣ ಮತ್ತು ಓಡಾಟ

ಕಾಲೇಜೊಂದು ಬ್ಯಾಸ್ಕೆಟ್‌ಬಾಲ್‌ಗೆ ವರ್ಷಕ್ಕೆ ಎಷ್ಟು ಖರ್ಚು ಮಾಡಿತು ಎಂಬುದು ಅಮೆರಿಕದ ಶಿಕ್ಷಣ ಇಲಾಖೆಯ ‘ಇಕ್ವಿಟಿ ಇನ್ ಅಥ್ಲೆಟಿಕ್ಸ್’ ತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ತಂಡದ ಖರ್ಚು ಮಾತ್ರ ನೋಡಿದರೆ ಸಾಲದು. ಅದೇ ಕಾನ್ಫರೆನ್ಸ್‌ನ ಮಧ್ಯದ ತಂಡದ ಖರ್ಚಿನ ಪಕ್ಕ ಇಡಿ. ಹಳೆಯ ಕಾನ್ಫರೆನ್ಸ್‌ನಲ್ಲಿ ಮೇಲಿನಿಂದ ಎರಡನೆಯದಾಗಿದ್ದ ಬಜೆಟ್ ಹೊಸದರಲ್ಲಿ ಕೆಳಗಿನಿಂದ ಎರಡನೆಯದಾದರೆ, ಖರ್ಚು ದುಪ್ಪಟ್ಟಾಗಿದ್ದರೂ ತಂಡ ಹಿಂದೆಯೇ ಬಿದ್ದಿದೆ ಎಂದರ್ಥ.

ಕಾನ್ಫರೆನ್ಸ್ ಸೇರಿದ ದಿನವೇ ಟಿವಿ ಹಣ ಪೂರ್ತಿ ಬರುತ್ತದೆ ಎಂದುಕೊಳ್ಳಬೇಡಿ. ಎಸ್‌ಎಂಯು ಎಂಬ ಟೆಕ್ಸಸ್‌ನ ಕಾಲೇಜು 2024ರಲ್ಲಿ ಎಸಿಸಿ ಕಾನ್ಫರೆನ್ಸ್ ಸೇರಲು ಒಂಬತ್ತು ವರ್ಷ ಟಿವಿ ಹಣದ ಪಾಲು ಬಿಟ್ಟುಕೊಡಲು ಒಪ್ಪಿತು. ಯುಕಾನ್ ಅಮೆರಿಕನ್ ಕಾನ್ಫರೆನ್ಸ್ ಬಿಡಲು 1.7 ಕೋಟಿ ಡಾಲರ್ ಕಟ್ಟಿತು. ಇನ್ನೊಂದು ವರಮಾನ ‘ಯೂನಿಟ್’: ಮಾರ್ಚ್ ಟೂರ್ನಿಯಲ್ಲಿ ತಂಡ ಆಡುವ ಪ್ರತಿ ಪಂದ್ಯಕ್ಕೂ ಆರು ವರ್ಷಗಳಲ್ಲಿ ಹಂಚಿ ಸುಮಾರು 20 ಲಕ್ಷ ಡಾಲರ್ ಬರುತ್ತದೆ, ಆದರೆ ಅದು ಕಾನ್ಫರೆನ್ಸ್‌ನ ಖಾತೆಗೆ. ಅಲ್ಲಿ ಹೇಗೆ ಹಂಚುತ್ತಾರೆ ಎಂಬುದು ಅವರವರ ಒಪ್ಪಂದ.

ಓಡಾಟದ ಬಗ್ಗೆ ಅಭಿಮಾನಿಗಳು ಬಹಳ ಅಳುತ್ತಾರೆ, ಅಂಕಿಯಲ್ಲಿ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. 2024ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಬಿಗ್ ಟೆನ್ ಸೇರಿದಾಗ ನ್ಯೂಜೆರ್ಸಿಯ ರಟ್ಗರ್ಸ್ ಕೂಡ ಕಾನ್ಫರೆನ್ಸ್ ಎದುರಾಳಿಯಾಯಿತು: ಬೆಂಗಳೂರಿನಿಂದ ದೆಹಲಿಗೆ ಇರುವ ದೂರದ ಎರಡು ಪಟ್ಟಿಗೂ ಹೆಚ್ಚು, ಮೂರು ಗಂಟೆಯ ಸಮಯ ವ್ಯತ್ಯಾಸ. 2025ರ ಜನವರಿಯಲ್ಲಿ ಒಂದೇ ಪ್ರವಾಸದಲ್ಲಿ ಮೇರಿಲ್ಯಾಂಡ್, ರಟ್ಗರ್ಸ್ ಎರಡರ ಎದುರೂ ಸೋತಿತು. ಸೀಸನ್ ಮುಗಿದಾಗ ಮಾತ್ರ ಕಾನ್ಫರೆನ್ಸ್ ಒಳಗೆ 13–7. ತವರಂಗಳದ ಅನುಕೂಲವೇ ಸುಮಾರು 3 ಪಾಯಿಂಟ್ ಇರುವುದರಿಂದ, ಹೊರಗಿನ ಸೋಲುಗಳಲ್ಲಿ ಅಷ್ಟನ್ನು ಮೊದಲು ಕಳೆದು, ಉಳಿದದ್ದಕ್ಕೆ ಮಾತ್ರ ವಿಮಾನವನ್ನು ದೂರಿ.

ಹಳೆಯ ಉದಾಹರಣೆಗಳಿಗೆ ಎಷ್ಟು ತೂಕ

2021ಕ್ಕಿಂತ ಹಿಂದಿನ ಪಾಠಗಳನ್ನು ಹಾಗೇ ಇವತ್ತಿಗೆ ಅಂಟಿಸಬೇಡಿ. ಆ ವರ್ಷದಿಂದ ಆಟಗಾರರು ಒಂದು ಸೀಸನ್ ಹೊರಗೆ ಕೂರದೆ ಕಾಲೇಜು ಬದಲಾಯಿಸಬಹುದು (ಹೀಗೆ ಹೊರಡುವವರು ಹೆಸರು ಹಾಕುವ ಪಟ್ಟಿಯೇ ‘ಪೋರ್ಟಲ್’), ತಮ್ಮ ಹೆಸರಿನಿಂದ ಹಣ ಮಾಡಬಹುದು. 2025–26ರಿಂದ ಕಾಲೇಜುಗಳೇ ಆಟಗಾರರಿಗೆ ವರಮಾನದ ಪಾಲು ಕೊಡಬಹುದು, ಎಲ್ಲ ಕ್ರೀಡೆಗೂ ಸೇರಿ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಹಿಂದೆ ಚಿಕ್ಕ ಕಾನ್ಫರೆನ್ಸ್‌ನ ಕೋಚ್ ನಾಲ್ಕು ವರ್ಷ ಹುಡುಗರನ್ನು ಬೆಳೆಸಿ ಕೊನೆಯ ವರ್ಷ ಫಲ ತೆಗೆಯುತ್ತಿದ್ದ. ಲೊಯೊಲಾ ಷಿಕಾಗೊ 2018ರಲ್ಲಿ ಮಿಸೌರಿ ವ್ಯಾಲಿಯಿಂದ ಫೈನಲ್ ಫೋರ್‌ಗೆ ಹೋದದ್ದು ಆ ಕಾಲದಲ್ಲಿ. ಈಗ ಎರಡನೇ ವರ್ಷಕ್ಕೇ ದೊಡ್ಡವರು ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ದೊಡ್ಡ ಕಾನ್ಫರೆನ್ಸ್‌ನ ಹಣಕ್ಕೆ ಹಿಂದಿಗಿಂತ ಈಗ ತೂಕ ಹೆಚ್ಚು. ಅದೇ ಲೊಯೊಲಾ 2022ರಲ್ಲಿ ಅಟ್ಲಾಂಟಿಕ್ 10ಕ್ಕೆ ಹೋಗಿ ಮೊದಲ ಸೀಸನ್ 10–21, ಎರಡನೆಯದರಲ್ಲಿ 23–10 ಜತೆಗೆ ಜಂಟಿ ಅಗ್ರಸ್ಥಾನ. ಪೋರ್ಟಲ್ ಬೀಳಿಸುವಷ್ಟೇ ಬೇಗ ಎಬ್ಬಿಸುತ್ತದೆ ಕೂಡ.

ಪಟ್ಟಿ ತುಂಬಿದ ಮೇಲೆ ತೀರ್ಪಿಗೆ ಒಂದು ಒರಟು ನಿಯಮ. ಎಸ್‌ಆರ್‌ಎಸ್‌ನ ಐದು ವರ್ಷದ ಸರಾಸರಿ 3 ಪಾಯಿಂಟ್‌ಗಿಂತ ಹೆಚ್ಚು ಏರಿದೆ, ಏರಿಕೆ ಒಬ್ಬ ಕೋಚ್ ಅಥವಾ ಒಬ್ಬ ಆಟಗಾರನ ಜತೆ ಬಂದು ಹೋಗಿಲ್ಲ, ಬಜೆಟ್ ಹೊಸ ಕಾನ್ಫರೆನ್ಸ್‌ನ ಮಧ್ಯಕ್ಕಾದರೂ ಬಂದಿದೆ: ಇಷ್ಟಿದ್ದರೆ ಕಾನ್ಫರೆನ್ಸ್‌ಗೆ ಶ್ರೇಯ ಕೊಡಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅನುಮಾನ ಉಳಿಸಿಕೊಳ್ಳಿ. 3 ಪಾಯಿಂಟ್‌ಗಿಂತ ಕಡಿಮೆ ಏರಿಳಿತ ಏನನ್ನೂ ಹೇಳುವುದಿಲ್ಲ, ಬಿಟ್ಟುಬಿಡಿ.

ಮಲ್ಲೇಶ್ವರ, ಜಯನಗರದ ಕೋರ್ಟ್‌ನಲ್ಲಿ ಆಡುವ ಮಕ್ಕಳಿಗೆ ಆಫರ್ ಬಂದರೆ

ಎನ್‌ಬಿಎ ಅಕಾಡೆಮಿ ಇಂಡಿಯಾದಿಂದ ಹೊರಟ ಪಂಜಾಬಿನ ಅಮಾನ್ ಸಂಧು 2022ರಲ್ಲಿ ನ್ಯೂಜೆರ್ಸಿಯ ಮನ್‌ಮತ್ ವಿಶ್ವವಿದ್ಯಾಲಯ ಸೇರಿದರು. ಆ ಕಾಲೇಜು ಸಿಎಎ ಕಾನ್ಫರೆನ್ಸ್‌ಗೆ ಕಾಲಿಟ್ಟದ್ದೂ ಅದೇ ಬೇಸಿಗೆಯಲ್ಲಿ. ಹಿಂದಿನ ಸೀಸನ್ 21–13 ಇದ್ದದ್ದು ಹೊಸ ಕಾನ್ಫರೆನ್ಸ್‌ನಲ್ಲಿ 7–26 ಆಯಿತು. ಹಿರಿಯ ಆಟಗಾರರೂ ಆಗಲೇ ಹೊರಟಿದ್ದರು. ಇಂಥ ವರ್ಷದಲ್ಲಿ ಸೇರುವ ಹುಡುಗನಿಗೆ ತಂಡ ಸೋಲುತ್ತಿದ್ದರೂ ಆಡುವ ನಿಮಿಷ ಹೆಚ್ಚು ಸಿಗುವ ಸಂಭವವಿರುತ್ತದೆ. ಆದ್ದರಿಂದ ಪೋಷಕರು ಕಾನ್ಫರೆನ್ಸ್ ಹೆಸರಿಗೆ ಮರುಳಾಗುವ ಬದಲು ಕಾಲೇಜಿಗೆ ಇಷ್ಟು ಕೇಳಬೇಕು: ಮುಂದಿನ ಎರಡು ವರ್ಷದಲ್ಲಿ ಕಾನ್ಫರೆನ್ಸ್ ಬದಲಾಗುವ ಘೋಷಣೆ ಆಗಿದೆಯೇ? ಕೋಚ್ ಒಪ್ಪಂದ ಯಾವ ವರ್ಷದವರೆಗೆ? ನನ್ನ ಮಗ ಅಥವಾ ಮಗಳ ಪೊಸಿಷನ್‌ನಲ್ಲಿ ಕಳೆದ ಬೇಸಿಗೆಯಲ್ಲಿ ಪೋರ್ಟಲ್‌ನಿಂದ ಎಷ್ಟು ಜನ ಬಂದರು? ಸ್ಕಾಲರ್‌ಶಿಪ್ ಒಂದು ವರ್ಷದ್ದೋ, ಹಲವು ವರ್ಷದ್ದೋ? ಇಂಥ ಕಾಲೇಜಿಗೇ ಸೇರುತ್ತೇನೆ ಎಂದು ಆಟಗಾರರು ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿ 2024ರ ಅಕ್ಟೋಬರ್‌ನಲ್ಲೇ ನಿಂತಿದೆ; ಈಗ ಬೆಲೆ ಇರುವುದು ನೆರವಿನ ಒಪ್ಪಂದ ಪತ್ರಕ್ಕೆ. ಎಫ್–1 (ವಿದ್ಯಾರ್ಥಿ) ವೀಸಾದವರಿಗೆ ಕೆಲಸದ ನಿರ್ಬಂಧ ಇರುವುದರಿಂದ ಜಾಹೀರಾತಿನ ಹಣವನ್ನು ಖರ್ಚಿನ ಲೆಕ್ಕಕ್ಕೆ ಹಿಡಿಯಲೇಬೇಡಿ.

ನಮ್ಮ ಕಾಲೇಜುಗಳಿಗೆ ಇದೇ ಲೆಕ್ಕ

ಬೆಂಗಳೂರಿನ ಕಾಲೇಜುಗಳೂ ಒಂದು ರೀತಿಯಲ್ಲಿ ಕಾನ್ಫರೆನ್ಸ್ ಬದಲಾಯಿಸಿವೆ, ಹೆಸರು ಬೇರೆ ಅಷ್ಟೇ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಆಮೇಲೆ ಬೆಂಗಳೂರು ನಗರ ಎನಿಸಿದ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬೇರೆಯಾದವು. ಮೊದಲು ಎಲ್ಲ ಕಾಲೇಜಿನಿಂದ 12 ಜನರ ಒಂದೇ ವಿಶ್ವವಿದ್ಯಾಲಯ ತಂಡವಿತ್ತು, ಆಮೇಲೆ ಮೂರು ತಂಡ, 36 ಜಾಗ. ‘ನಮ್ಮ ಕಾಲೇಜಿನಿಂದ ಈಗ ನಾಲ್ವರು ಯೂನಿವರ್ಸಿಟಿ ಪ್ಲೇಯರ್ಸ್’ ಎಂಬ ಹೆಮ್ಮೆಯನ್ನು 2016ರ ಸಂಖ್ಯೆಯ ಪಕ್ಕ ಇಡುವ ಮುಂಚೆ ಇದನ್ನು ನೆನಪಿಡಿ. ಕ್ರೈಸ್ಟ್ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದಾಗಿನಂತೆ, ಕಾಲೇಜೊಂದು ತಾನೇ ವಿಶ್ವವಿದ್ಯಾಲಯವಾದರೆ ಅದರ ತಂಡ ನೇರವಾಗಿ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುತ್ತದೆ. ಅಂತರ ಕಾಲೇಜು ಟ್ರೋಫಿ ಕಪಾಟಿಗೆ ಬರುವುದು ನಿಲ್ಲುತ್ತದೆ, ಎದುರಾಳಿಗಳು ಕೇರಳ, ತಮಿಳುನಾಡಿನವರಾಗುತ್ತಾರೆ. ಟ್ರೋಫಿ ಎಣಿಸಿದರೆ ಕುಸಿತ, ಆಟ ನೋಡಿದರೆ ಬೇರೆ ಕಥೆ.

ಇಲ್ಲಿ ಎಸ್‌ಆರ್‌ಎಸ್ ಹಾಕಿಕೊಡುವ ತಾಣವಿಲ್ಲ. ಪಿ.ಡಿ. ಮೇಷ್ಟ್ರು ಮೂರು ವರ್ಷದ ಸ್ಕೋರ್‌ಶೀಟ್‌ಗಳ ಫೋಟೊ ಇಟ್ಟುಕೊಂಡರೆ ಅಂತರ ಸಿಗುತ್ತದೆ. ಹಿಂದೆಯೂ ಈಗಲೂ ಆಡಿದ ಒಂದೇ ಎದುರಾಳಿಗಳನ್ನು ಮಾತ್ರ ಆರಿಸಿ, ಕನಿಷ್ಠ ಆರು ಪಂದ್ಯ ಇರಲಿ. 30ಕ್ಕಿಂತ ಹೆಚ್ಚಿನ ಅಂತರವನ್ನು 30 ಎಂದೇ ಹಿಡಿಯಿರಿ. ಬೆಂಚಿನವರು ಆಡಿದ ಕೊನೆಯ ಕ್ವಾರ್ಟರ್ ಸರಾಸರಿ ಕೆಡಿಸುತ್ತದೆ. ಪೊಸೆಷನ್ ಮಾತ್ರ ಸ್ಕೋರ್‌ಶೀಟ್‌ನಲ್ಲಿ ಸಿಗುವುದಿಲ್ಲ: ಅದರಲ್ಲಿ ಬಿದ್ದ ಬುಟ್ಟಿ, ಫೌಲ್ ಇರುತ್ತವೆ, ತಪ್ಪಿದ ಶಾಟ್, ರಿಬೌಂಡ್, ಟರ್ನೋವರ್ ಇರುವುದಿಲ್ಲ. ಬೆಂಚಿನ ಕೊನೆಯಲ್ಲಿ ಕೂರುವ ಜೂನಿಯರ್ ಒಬ್ಬನ ಕೈಗೆ ಪೆನ್ನು ಕೊಡಿ. ಚೆಂಡು ಒಂದು ತಂಡದಿಂದ ಇನ್ನೊಂದಕ್ಕೆ ಹೋದಾಗ ಒಂದು ಗೆರೆ. ತಮ್ಮದೇ ತಪ್ಪಿದ ಶಾಟ್‌ನ ರಿಬೌಂಡ್ ತಾವೇ ಹಿಡಿದರೆ ಹೊಸ ಗೆರೆ ಇಲ್ಲ. ಚೆಂಡು ಅತ್ತಿಂದಿತ್ತ ಸರದಿಯಲ್ಲೇ ಹೋಗುವುದರಿಂದ ಕ್ವಾರ್ಟರ್ ಮುಗಿದಾಗ ಎರಡೂ ತಂಡದ ಗೆರೆಗಳಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎರಡೋ ಮೂರೋ ಬಂದರೆ ಹುಡುಗ ನಡುವೆ ಆಟ ನೋಡುತ್ತ ಕೂತಿದ್ದಾನೆ, ಆ ಕ್ವಾರ್ಟರ್‌ನ ಲೆಕ್ಕ ಹೊಡೆದುಹಾಕಿ.